ದೊಡ್ಡ ಕತ್ತಿಯ ಎರಡು ವಾಷರ್

ಕ್ಷೌರದ ಕತ್ತಿಯ ಹಿಡಿ ಸಡಿಲವಾದರೆ ಅದನ್ನು ಬಿಗಿ ಮಾಡುವ ಕೆಲಸ ನನಗೆ ಬರುತ್ತದೆ ಎಂದರೆ ನನ್ನನ್ನು ಬಲ್ಲವರು ನಗುತ್ತಾರೆ. ಬಸ್ಸಿನಲ್ಲಿ ಬಾಗಿಲ ಹತ್ತಿರ ಕೂತರೆ ಬಿದ್ದುಹೋದೇನು, ದೂರ ಕೂತರೆ ಇಳಿಯಲಾಗದೆ ಮುಂದಿನ ಊರಿಗೆ ಹೋದೇನು ಎಂದು ಎರಡಕ್ಕೂ ಹೆದರುವ ಮನುಷ್ಯ ನಾನು. ಗ್ಯಾಸ್ ಆಫ್ ಮಾಡಿದ್ದೇನೋ ಇಲ್ಲವೋ ಎಂದು ಬಂಗಾರಪೇಟೆ ಸ್ಟೇಷನ್ನಿನಿಂದ ವಾಪಸು ಹಳ್ಳಿಗೆ ಹೋಗಿ ನೋಡಿ ಬಂದದ್ದುಂಟು. ನನ್ನ ಕಸುಬು ಗ್ಯಾಸ್ ಸ್ಟೌವ್ ರಿಪೇರಿ. ಗಡ್ಡವನ್ನು ಪ್ಲಾಸ್ಟಿಕ್ ರೇಜರಿನಲ್ಲಿ ಕೆರೆದುಕೊಳ್ಳುತ್ತೇನೆ. ತೆರೆದ ಕತ್ತಿ ಕುತ್ತಿಗೆಯ ಹತ್ತಿರ ಬಂದರೆ ಕುರ್ಚಿ ಬಿಟ್ಟು ಎದ್ದುಬಿಡುತ್ತೇನೆ. ಆದರೆ ಬೇರೆಯವರ ಕುತ್ತಿಗೆಗೆ ಹೋಗುವ ಕತ್ತಿಗಳನ್ನು ಮಾತ್ರ ಇಷ್ಟು ವರ್ಷಗಳಿಂದ ಬಿಗಿ ಮಾಡಿಕೊಡುತ್ತಾ ಬಂದಿದ್ದೇನೆ.

ಕಲಿತದ್ದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ. ಫಿಟ್ಟರ್ ಕೆಲಸಕ್ಕೆ ಸೇರಿ ಕೈ ಕುದುರುವ ಹೊತ್ತಿಗೆ ಗಣಿ ಮುಚ್ಚಿತು. ಅದು ಮುಚ್ಚುತ್ತದೆ ಎಂದು ಸೇರಿದ ದಿನದಿಂದಲೂ ಹೆದರಿದ್ದೆ. ನನ್ನ ಹೆದರಿಕೆಗಳಲ್ಲಿ ನಿಜವಾದದ್ದು ಅಪರೂಪ, ಅದರಲ್ಲಿ ಇದೊಂದು. ಆಮೇಲೆ ಬಂಗಾರಪೇಟೆಯಲ್ಲಿ ಸ್ಟೌವ್, ಮಿಕ್ಸಿ, ಕುಕ್ಕರ್ ರಿಪೇರಿಯ ಒಂದು ಗೂಡಂಗಡಿ ಹಾಕಿಕೊಂಡೆ. ಸುತ್ತಮುತ್ತಲ ಕ್ಷೌರದಂಗಡಿಯವರು ಕತ್ತಿ ತಂದು ಮೇಜಿನ ಮೇಲಿಡುವುದು ಹೇಗೆ ಶುರುವಾಯಿತೋ ನೆನಪಿಲ್ಲ. ಈಗೆಲ್ಲ ಅರ್ಧ ಬ್ಲೇಡು ಮುರಿದು ಸಿಕ್ಕಿಸುವ ಕತ್ತಿಗಳೇ ಹೆಚ್ಚು. ಆದರೂ ಹಳಬರು ತಮ್ಮ ಹಳೆಯ ಕತ್ತಿಯನ್ನು ಬಿಟ್ಟಿಲ್ಲ; ಅವರಂಥವೇ ಒಂದಿಷ್ಟು ಹಳೆಯ ಗಡ್ಡಗಳು ಇನ್ನೂ ಉಳಿದಿವೆ.

ಅಲಗು ಹಿಡಿಯೊಳಗೆ ಮಡಚಿಕೊಳ್ಳುವ ಜಾಗದಲ್ಲಿ ಒಂದು ಹಿತ್ತಾಳೆ ಪಿನ್ನು ಇರುತ್ತದೆ. ತೆರೆದು ಮುಚ್ಚಿ, ತೆರೆದು ಮುಚ್ಚಿ ಅದು ಸಡಿಲವಾಗುತ್ತದೆ. ಆಗ ಅಲಗು ಅತ್ತಿತ್ತ ವಾಲುತ್ತದೆ, ಮಡಚುವಾಗ ಹಿಡಿಗೆ ತಾಗಿ ಹರಿತ ಕೆಡುತ್ತದೆ, ಕೆನ್ನೆಯ ಮೇಲೆ ಕೈ ಹೇಳಿದ ಮಾತನ್ನು ಕತ್ತಿ ಕೇಳುವುದಿಲ್ಲ. ಪಿನ್ನಿನ ತಲೆಯನ್ನು ಕಬ್ಬಿಣದ ತುಂಡಿನ ಮೇಲಿಟ್ಟು ಚಿಕ್ಕ ಸುತ್ತಿಗೆಯಿಂದ ಬಡಿಯಬೇಕು. ಬಡಿಯುವುದು ಅನ್ನುವುದೂ ಜಾಸ್ತಿಯೇ, ತಟ್ಟಬೇಕು. ಎರಡು ಸಲ ತಟ್ಟಿ, ಮಗುಚಿ, ಮತ್ತೆರಡು ಸಲ ತಟ್ಟಿ, ತೆರೆದು ನೋಡಬೇಕು. ಅರ್ಧ ತೆರೆದರೆ ಅಲಗು ಅಲ್ಲೇ ನಿಲ್ಲಬೇಕು, ಕಿರುಬೆರಳಿನಿಂದ ತಳ್ಳಿದರೆ ಹೊರಡಬೇಕು. ಒಂದು ಏಟು ಜಾಸ್ತಿಯಾದರೆ ಹಿಡಿ ಸೀಳಿಹೋಗುತ್ತದೆ. ಇಂಥ ಕೆಲಸಕ್ಕೆ ಹೆದರುಪುಕ್ಕಲನೇ ಸರಿ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು. ಅವಳು ಹೋಗಿ ಈಗ ಹತ್ತು ತಿಂಗಳಾಯಿತು.

ತಟ್ಟಿದರೂ ನಿಲ್ಲದಷ್ಟು ಸವೆದಿದ್ದರೆ ಪಿನ್ನಿನ ತಲೆಯನ್ನು ಅರದಿಂದ ಉಜ್ಜಿ ತೆಗೆದು, ಪಿನ್ನು ಕಳಚಿ, ಅಲಗಿನ ಎರಡೂ ಪಕ್ಕಕ್ಕೆ ತೆಳ್ಳನೆಯ ಹೊಸ ವಾಷರ್ ಕೂರಿಸಿ, ಹೊಸ ಪಿನ್ನು ಹಾಕಬೇಕು. ಈ ವಾಷರೇ ತಲೆನೋವು. ಹಿತ್ತಾಳೆ ತಗಡು ದಪ್ಪವಾಗುತ್ತದೆ, ಹಾಲಿನ ಪ್ಯಾಕೆಟ್ಟು ಮೆತ್ತಗಾಗುತ್ತದೆ. ಎಕ್ಸ್‌ರೇ ಫಿಲ್ಮಿನ ಹಾಗೆ ಇನ್ನೊಂದಿಲ್ಲ: ತೆಳು, ಗಟ್ಟಿ, ಜಾರು. ಗಣಿಯ ಧೂಳು ಕುಡಿದ ಊರಿನಲ್ಲಿ ಎದೆಯ ಫಿಲ್ಮುಗಳಿಗೆ ಬರವಿರಲಿಲ್ಲ; ಗಣಿ ಮುಚ್ಚಿದ ಮೇಲೆ ಅವೂ ಅಪರೂಪವಾದವು. ವರ್ಕ್‌ಶಾಪಿನಲ್ಲಿ ನನಗೆ ಕಲಿಸಿದವರು ತಮ್ಮದೇ ಎದೆಯಿಂದ ವಾಷರ್ ಹೊಡೆಯುತ್ತಿದ್ದರು.

ನಮ್ಮ ಮನೆಯಲ್ಲೂ ಒಂದಿತ್ತು, ನನ್ನ ಹೆಂಡತಿಯದು. ಮಗಳು ಎರಡನೇ ಕ್ಲಾಸಿನಲ್ಲಿದ್ದಾಗ ಹೆಂಡತಿಗೆ ಟಿ.ಬಿ. ಬಂದಿತ್ತು. ತಿಂಗಳುಗಟ್ಟಲೆ ಮಾತ್ರೆ ನುಂಗಿ ವಾಸಿಯಾದ ಮೇಲೆ ತೆಗೆದ ಫಿಲ್ಮು ಅದು. ಆಗಿನ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಎಲ್ಲೋ ಒಂದು ಕಡೆ ಸುತ್ತು ಹಾಕಿ ತೋರಿಸಿ, ಗಾಯ ಮಾಗಿದ ಕಲೆ ಇದು, ಜನ್ಮಪೂರ್ತಿ ಇರುತ್ತದೆ, ಹೆದರಬೇಡಿ, ಫಿಲ್ಮನ್ನು ಜೋಪಾನ ಮಾಡಿ ಅಂದಿದ್ದರು. ಹೆದರಬೇಡಿ ಅಂದದ್ದನ್ನು ನಾನು ಅಲ್ಲೇ ಮರೆತೆ. ಜೋಪಾನವನ್ನು ಮಾತ್ರ ವರ್ಷಗಟ್ಟಲೆ ಮಾಡಿದೆ. ಕಂದು ಲಕೋಟೆಯಲ್ಲಿಟ್ಟು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದೆ. ಅವಳು ಎರಡು ಸಲ ಕೆಮ್ಮಿದರೆ ಸಾಕು, ತೆಗೆದು ಕಿಟಕಿಗೆ ಹಿಡಿದು ನೋಡುವುದು. ಹಳೆಯ ಫಿಲ್ಮಿನಲ್ಲಿ ಹೊಸ ಕೆಮ್ಮು ಕಾಣುತ್ತದೆಯೇ ಎಂದು ಅವಳು ಕೇಳಿದರೆ ಫಿಲ್ಮನ್ನು ಮತ್ತೆ ಲಕೋಟೆಗೆ ಸೇರಿಸುತ್ತಿದ್ದೆ.

ಒಂದು ದಿನ ಅವಳೇ ಅಂದಳು: "ಅಲ್ರೀ, ವಾಷರ್‌ಗೆ ಫಿಲ್ಮ್ ಇಲ್ಲ ಇಲ್ಲ ಅಂತ ಊರೆಲ್ಲಾ ಉಡುಕ್ತೀರ. ಬಾಗ್ಲಿಂದೆ ಒಂದು ನ್ಯಾತಾಡ್ತಾ ಐತಲ್ಲ, ಅದ್ನ ಕತ್ತರುಸ್ಕೊಳಿ."

"ಅದು ನಿಂದು ಕಣೇ."

"ನಂದಾದ್ರೆ ಏನಾಯ್ತು? ನಾನೇ ಪೂರ್ತಿ ಇಲ್ಲಿ ನಿಂತಿವ್ನಿ. ಎಲುಬು ಬ್ಯಾರೆ ಎತ್ತಿಕ್ಕೋಬೇಕಾ?"

ಒಂದು ವರ್ಷ ಒಪ್ಪಲಿಲ್ಲ. ಆಮೇಲೆ ಒಪ್ಪಿದೆ. ಅವಳಿಗೆ ಏನೂ ಆಗದೆ ಅಷ್ಟು ಕಾಲ ಕಳೆದಿತ್ತು, ನನ್ನಂಥವನಿಗೂ ಧೈರ್ಯ ಬರುವಷ್ಟು. ಕೆಳಗಿನ ಅಂಚಿನಿಂದ ಶುರು ಮಾಡಿ, ಬೇಕಾದಾಗ ಎರಡೆರಡು ವಾಷರ್ ಹೊಡೆದುಕೊಳ್ಳುತ್ತಾ ಬಂದೆ. ಫಿಲ್ಮು ಜಾಲರಿಯ ಹಾಗಾಯಿತು. ನನ್ನ ಹೆಂಡತಿ ಡೈರಿಗೆ ಹಾಲು ಹಾಕಲು ಹೋದಾಗ ಅಲ್ಲಿನ ಹೆಂಗಸರಿಗೆ ಹೇಳುತ್ತಿದ್ದಳಂತೆ: "ನಮ್ಮನೆಯವ್ರು ನನ್ನ ಎದೇನ ಎತ್ಕೊಂಡೋಗಿ ಬಂಗಾರ್‌ಪೇಟೆ ಗಂಡಸ್ರ ಗಡ್ಡಕ್ಕೆ ಆಕವ್ರೆ." ಅವರು ನಕ್ಕು ನಕ್ಕು ಕ್ಯಾನು ಚೆಲ್ಲಿದ್ದರಂತೆ.

ಎರಡು ವರ್ಷದ ಹಿಂದೆ ಕೆಮ್ಮು ನಿಜವಾಗಿ ಬಂತು. ಒಂದು ತಿಂಗಳಾದರೂ ಬಿಡಲಿಲ್ಲ. ಕೋಲಾರದಲ್ಲಿ ಎದೆ ನೋಡುವ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಕಫ ಪರೀಕ್ಷೆಯಲ್ಲಿ ಟಿ.ಬಿ. ಇಲ್ಲವೆಂದು ಬಂತು. ಹೊಸ ಎಕ್ಸ್‌ರೇಯನ್ನು ಅವರು ಬೆಳಕಿನ ಪೆಟ್ಟಿಗೆಯ ಮೇಲೆ ಸಿಕ್ಕಿಸಿ, ಬಲಗಡೆ ಮೇಲ್ಭಾಗದಲ್ಲಿ ಪೆನ್ನಿನ ತುದಿ ಇಟ್ಟರು. ಅಲ್ಲೊಂದು ಹೆಬ್ಬೆಟ್ಟಿನಷ್ಟು ಬೆಳ್ಳನೆಯ ಮಬ್ಬು.

"ಹಿಂದೆ ಟಿ.ಬಿ. ಆಗಿತ್ತು ಅಂದ್ರಲ್ಲ, ಇದು ಅದರದ್ದೇ ಹಳೇ ಕಲೆ ಇರಬಹುದು. ಹಾಗಿದ್ರೆ ಭಯವಿಲ್ಲ. ಹೊಸದಾಗಿ ಬಂದಿದ್ರೆ ಮಾತು ಬೇರೆ. ಹಳೇ ಫಿಲ್ಮ್ ಇದೆಯಾ? ಪಕ್ಕ ಪಕ್ಕ ಇಟ್ಟು ನೋಡಿದ್ರೆ ಒಂದು ನಿಮಿಷದ ಕೆಲಸ."

ಕ್ಷೌರದ ಕತ್ತಿಗಳ ವಿಷಯ ಅಲ್ಲಿ ಹೇಗೆ ಹೇಳುವುದು? "ತೇವ ತಗುಲಿ ಹಾಳಾಗಿದೆ ಮೇಡಂ" ಅಂದೆ.

"ಅಯ್ಯೋ. ಹಾಗಾದ್ರೆ ಸ್ಕ್ಯಾನ್ ಮಾಡಿಸಿಬಿಡೋಣ. ನಿಮಗೇನಾದ್ರೂ ನೆನಪಿದೆಯಾ, ಕಲೆ ಎಲ್ಲಿತ್ತು ಅಂತ?"

ಹೆಂಡತಿ ಪಕ್ಕದ ಕುರ್ಚಿಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಸ್ಕ್ಯಾನ್ ಅಂದ ಕೂಡಲೇ ಅವಳ ಕೈ ನನ್ನ ಅಂಗಿಯ ತುದಿ ಹಿಡಿಯಿತು. ಯಾವುದಕ್ಕೂ ಹೆದರದವಳು ಅವಳು. ಒದೆಯುವ ಹಸುವಿನ ಕೆಚ್ಚಲಿಗೆ ಕೈ ಹಾಕಿ ನಗುವವಳು. ನಾನು ಪೆನ್ನಿನ ತುದಿಯನ್ನು ನೋಡಿದೆ. ಆ ಫಿಲ್ಮನ್ನು ನೂರಾರು ಸಲ ಕಿಟಕಿಗೆ ಹಿಡಿದವನು ನಾನಲ್ಲವೇ? ಕಲೆ ಅಲ್ಲೇ ಇತ್ತು ಅನ್ನಿಸಿತು. ಅನ್ನಿಸಿತೋ, ಅನ್ನಿಸಲಿ ಎಂದುಕೊಂಡೆನೋ, ಈಗ ಎಷ್ಟು ಅಗೆದರೂ ಗೊತ್ತಾಗುವುದಿಲ್ಲ.

"ಇತ್ತು ಮೇಡಂ. ಅಲ್ಲೇ ಇತ್ತು" ಅಂದೆ.

"ಖಂಡಿತಾನಾ?"

"ಖಂಡಿತ."

ಅವರು ಇನ್ನೊಮ್ಮೆ ನನ್ನ ಮುಖ ನೋಡಿದರು. "ನಿಮ್ಮ ಮಾತಿನ ಮೇಲೆ ಬರೀತಾ ಇದೀನಿ ಮತ್ತೆ. ಮೂರು ತಿಂಗಳು ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಸಿ. ಅಷ್ಟರೊಳಗೆ ಹಳೇದು ಸಿಕ್ಕಿದ್ರೆ, ಹಾಳಾಗಿದ್ರೂ ಪರವಾಗಿಲ್ಲ, ತನ್ನಿ" ಅಂದರು.

ಆಚೆ ಬಂದಾಗ ಹೆಂಡತಿ ಕೇಳಿದಳು, "ನಿಜವಾಗ್ಲೂ ಇತ್ತೇನ್ರೀ?"

"ಇತ್ತು ಕಣೇ. ಏನೂ ಆಗಲ್ಲ, ಬಾ."

ಬಸ್‌ಸ್ಟ್ಯಾಂಡಿನಲ್ಲಿ ಅವಳು ಎರಡು ಮೊಳ ಮಲ್ಲಿಗೆ ಕೊಂಡಳು. ದಾರಿಯುದ್ದಕ್ಕೂ ಹಸುವಿನ ಮಾತು, ಪಕ್ಕದ ಮನೆಯವಳು ಬೇಲಿ ಸರಿಸಿದ ಮಾತು. ನಾನು ಹೂಂಗುಟ್ಟುತ್ತಾ ಕೂತಿದ್ದೆ.

ಮನೆಗೆ ಬಂದು, ಅವಳು ಕೊಟ್ಟಿಗೆಗೆ ಹೋದ ಮೇಲೆ ಲಕೋಟೆ ತೆಗೆದೆ. ಕೆಳಗಿನ ಅಂಚಿನಲ್ಲಿ, ಎಡಗಡೆಯಲ್ಲಿ, ನಡುವೆ, ಸಣ್ಣ ಸಣ್ಣ ತೂತುಗಳು. ಉಳಿದ ಫಿಲ್ಮಿನಲ್ಲಿ ಕಲೆ ಎಲ್ಲೂ ಇಲ್ಲ. ಅಂದರೆ ಅದು ಇದ್ದದ್ದು ಇವುಗಳಲ್ಲಿ ಯಾವುದೋ ಒಂದು ತೂತಿನಲ್ಲಿ. ಬಲಗಡೆ ಮೇಲೆ, ಡಾಕ್ಟರಮ್ಮ ಪೆನ್ನು ಇಟ್ಟಿದ್ದ ಜಾಗದಲ್ಲಿ, ಬೇರೆಲ್ಲಕ್ಕಿಂತ ದೊಡ್ಡವಾದ ಎರಡು ತೂತುಗಳು ಒಂದಕ್ಕೊಂದು ಅಂಟಿಕೊಂಡಂತಿದ್ದವು.

ಅಷ್ಟು ದೊಡ್ಡ ವಾಷರನ್ನು ನಾನು ಜನ್ಮದಲ್ಲಿ ಒಂದೇ ಸಲ ಹೊಡೆದದ್ದು. ಆಂಡರ್ಸನ್‌ಪೇಟೆಯ ಒಬ್ಬ ಕ್ಷೌರಿಕರದು, ಹಳೆಯ ಕಾಲದ ಅಗಲ ಅಲಗಿನ ಕತ್ತಿ, ಕಪ್ಪು ಹಿಡಿ. ನಾವೆಲ್ಲ ಅದನ್ನು ದೊಡ್ಡ ಕತ್ತಿ ಎಂದೇ ಕರೆಯುತ್ತಿದ್ದೆವು. ಅಂದರೆ ಆ ಕತ್ತಿಯ ಹಿಡಿಯೊಳಗೆ ನನ್ನ ಮಾತಿನ ಸಾಕ್ಷಿ ಇತ್ತು. ವಾಷರ್ ಬೆಳ್ಳಗಿದ್ದರೆ ಕಲೆ ಹಳೆಯದು. ಕಪ್ಪಗಿದ್ದರೆ ಆ ಜಾಗದಲ್ಲಿ ಆಗ ಏನೂ ಇರಲಿಲ್ಲ, ಬಂದಿರುವುದು ಹೊಸದು.

ಮಾರನೆಯ ದಿನವೇ ಹೋಗಬೇಕಿತ್ತು. ಹೋಗಲಿಲ್ಲ. ನಾಳೆ ನಾಳೆ ಎಂದು ನಲವತ್ತು ದಿನ ದೂಡಿದೆ. ಇಲ್ಲದ್ದಕ್ಕೆಲ್ಲ ಹೆದರಿ ಓಡಾಡಿದವನು, ಹೆದರಲೇಬೇಕಾದ ಹೊತ್ತಿನಲ್ಲಿ ಕುಕ್ಕರಿನ ಗ್ಯಾಸ್ಕೆಟ್ ಬದಲಾಯಿಸುತ್ತಾ ಕೂತೆ. ಅವಳ ಕೆಮ್ಮು ನಡುವೆ ಒಂದಿಷ್ಟು ಕಡಿಮೆಯಾಗಿತ್ತು. ಆಮೇಲೆ ಒಂದು ಬೆಳಿಗ್ಗೆ ಹಾಲಿನ ಕ್ಯಾನು ಎತ್ತಿದವಳು ಕೆಳಗಿಟ್ಟು, ಗೋಡೆಗೆ ಒರಗಿ, ಉಸಿರು ಹಿಡಿದುಕೊಂಡು ನಿಂತದ್ದನ್ನು ನೋಡಿದೆ. ಅವತ್ತೇ ಮಾರಿಕುಪ್ಪಂ ರೈಲು ಹತ್ತಿದೆ.

ಕ್ಷೌರಿಕರಿಗೆ ಎಪ್ಪತ್ತು ದಾಟಿದೆ. ಮಾರಿಕುಪ್ಪಂನಲ್ಲಿ ಇಳಿದು ಆಟೋದಲ್ಲಿ ಆಂಡರ್ಸನ್‌ಪೇಟೆಯ ಅಂಗಡಿಗೆ ಹೋದಾಗ ಅವರು ಒಂಟಿಯಾಗಿ ಪೇಪರ್ ಓದುತ್ತಿದ್ದರು.

"ಏನ್ ತಂಬಿ, ದಾರಿ ತಪ್ಪಿ ಬಂದ್ಯಾ?"

"ದೊಡ್ಡ ಕತ್ತಿ ಬಿಗಿ ಮಾಡ್ಕೊಡಣಾಂತ ಬಂದೆ ಅಣ್ಣ."

"ಅದೇನೂ ಸಡ್ಲ ಆಗಿಲ್ಲಪ್ಪ. ನೀನು ಮಾಡಿದ್ದು, ಕಲ್ಲು ಇದ್ದಂಗೈತೆ. ನೋಡು" ಎಂದು ತೆರೆದು, ಕೈಯಲ್ಲಿ ಅಲ್ಲಾಡಿಸಿ ತೋರಿಸಿದರು. ನಿಜ, ಅಲಗು ಕೂದಲೆಳೆಯಷ್ಟೂ ವಾಲಲಿಲ್ಲ. ಇಷ್ಟು ವರ್ಷದ ಕಸುಬಿನಲ್ಲಿ ನನ್ನ ಕೆಲಸ ಚೆನ್ನಾಗಿರುವುದನ್ನು ನೋಡಿ ಅಷ್ಟು ಸಂಕಟ ಎಂದೂ ಆಗಿರಲಿಲ್ಲ.

"ಒಳಗಡೆ ತುಕ್ಕು ಇಡ್ಕೊಂಡಿರ್ತದೆ ಅಣ್ಣ. ಬಿಚ್ಚಿ ಎಣ್ಣೆ ಆಕ್ತೀನಿ."

"ಏಮಯ್ಯಾ, ಚೆನ್ನಾಗಿರೋದ್ನ ಬಿಚ್ಚೋಕೆ ಬಂಗಾರ್‌ಪೇಟೆಯಿಂದ ಬಂದ್ಯಾ? ಬಿಸಿಲು ಗಿಸಿಲು ತಲೆಗೆ ಏರ್‌ತಾ?" ಅಂದರು. ಅಂದರೂ, ನನ್ನ ಮುಖದಲ್ಲಿ ಏನು ಕಂಡಿತೋ, ಕತ್ತಿಯನ್ನು ಮಡಚಿ ನನ್ನ ಕೈಗಿಟ್ಟು ಬೆಂಚಿನ ಮೇಲೆ ಜಾಗ ಮಾಡಿಕೊಟ್ಟರು.

ಪಿನ್ನಿನ ತಲೆಯನ್ನು ಉಜ್ಜತೊಡಗಿದೆ. ಗಟ್ಟಿ ಕೂತಿತ್ತು. ನಾನು ಹಾಕಿದ ಪಿನ್ನನ್ನು ತೆಗೆಯಲು ನನಗೇ ಅರ್ಧ ಗಂಟೆ ಹಿಡಿಯಿತು. ಉಜ್ಜುತ್ತಾ ಉಜ್ಜುತ್ತಾ, ಆ ವಾಷರ್ ಹೊಡೆದ ದಿನ ನೆನಪಾಗತೊಡಗಿತು. ಹಿಡಿ ಕಪ್ಪು, ಅದಕ್ಕೆ ಬಿಳಿ ವಾಷರ್ ಎದ್ದು ಕಾಣುತ್ತದೆ, ಚೆನ್ನಾಗಿ ಕಪ್ಪಗಿರುವುದನ್ನೇ ಹಾಕು ಎಂದು ಈ ಅಣ್ಣನೇ ಹೇಳಿದ್ದರು. ಫಿಲ್ಮಿನಲ್ಲಿ ಒಂದು ಚುಕ್ಕೆಯೂ ಇಲ್ಲದ ಕಪ್ಪು ಜಾಗವನ್ನು ನಾನು ಹುಡುಕಿದ್ದೆ. ಹುಡುಕಿ, ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆ. ಅರ ಅಲ್ಲೇ ನಿಂತುಹೋಯಿತು. ಇನ್ನು ಬಿಚ್ಚುವುದೇ ಬೇಕಿರಲಿಲ್ಲ. ಆದರೂ ಬಿಚ್ಚಿದೆ.

ಎರಡೂ ವಾಷರ್ ಅಂಗೈಗೆ ಬಿದ್ದವು. ಬಟ್ಟೆಯಲ್ಲಿ ಒರೆಸಿ, ಬಾಗಿಲಿಗೆ ಬಂದು ಬಿಸಿಲಿಗೆ ಹಿಡಿದೆ. ಕಪ್ಪು. ಎರಡೂ ಅಚ್ಚ ಕಪ್ಪು.

"ಏನದು?" ಅಂದರು ಅಣ್ಣ.

ಹೇಳಿದೆ. ಮೊದಲಿನಿಂದ ಕೊನೆಯವರೆಗೆ, ನಿಂತಲ್ಲೇ. ಅವರು ಒಂದು ವಾಷರನ್ನು ಉಗುರಿನ ತುದಿಯಲ್ಲಿ ಹಿಡಿದು, ಕನ್ನಡಕ ಮೇಲೆ ಮಾಡಿ ಬಹಳ ಹೊತ್ತು ನೋಡಿದರು. "ಎಣ್ಣೆ ಕಸ ಸೇರಿ ಕರ್ರಗಾಗಿರ್ಬೋದು ಕಣ್ ತಂಬಿ. ಎಷ್ಟು ವರ್ಷ ಆಯ್ತು, ಎಷ್ಟು ಗಡ್ಡ ಆಯ್ತು" ಅಂದರು.

"ಅಂಗೆ ಆಗಲ್ಲ ಅಣ್ಣ."

"ಆಗಲ್ಲ" ಎಂದು ಅವರೂ ಒಪ್ಪಿಕೊಂಡರು. "ಇವತ್ತೇ ಮನೇಲಿ ಇದ್ನ ಬಾಯ್ಬಿಟ್ಟು ಏಳು. ಗಡ್ಡ ಅರ್ಧ ಬಿಟ್ಟು ಎದ್ದೋದಂಗೆ ಮಾಡ್ಬ್ಯಾಡ. ಓಗು, ಕತ್ತಿ ಇಲ್ಲೇ ಬಿದ್ದಿರ್ಲಿ."

ಮನೆಗೆ ಬಂದಾಗ ಸಂಜೆಯ ಹಾಲು ಕರೆಯುವ ಹೊತ್ತು. ಅವಳು ಹಸುವಿನ ಹೊಟ್ಟೆಗೆ ಹಣೆ ಒತ್ತಿಕೊಂಡು ಕೂತಿದ್ದಳು. ನಾನು ಕೊಟ್ಟಿಗೆಯ ಕಂಬ ಹಿಡಿದು ನಿಂತು ಹೇಳಿದೆ: ಕಲೆ ಅಲ್ಲಿರಲಿಲ್ಲ, ನಾನು ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ. ಹಾಲಿನ ಧಾರೆ ನಿಲ್ಲಲಿಲ್ಲ.

"ಗೊತ್ತು" ಅಂದಳು.

"ಏನು ಗೊತ್ತು?"

"ಆ ಫಿಲ್ಮ್‌ನ ಕಿಟ್ಕಿಗೆ ಇಡ್ಕೊಂಡಿದ್ದು ಯಾರು? ನಾನು. ಇಲ್ಲಿ ಚೆನ್ನಾಗಿ ಕಪ್ಪಗೈತೆ, ಇಲ್ಲಿ ಒಡ್ಕೊಳಿ ಅಂದಿದ್ದೂ ನಾನೇ. ಮರ್ತೋಯ್ತಾ ನಿಮ್ಗೆ?"

ನನಗೆ ಮರೆತೇಹೋಗಿತ್ತು. ಪೆನ್ಸಿಲಿನ ಗುರುತು ನೆನಪಿತ್ತು, ತೋರಿಸಿದ ಬೆರಳು ನೆನಪಿರಲಿಲ್ಲ.

"ಮತ್ತೆ ಅವತ್ತೇ ಯಾಕೆ ಬಾಯಿ ಬಿಡ್ಲಿಲ್ಲ? ಅಲ್ಲೇ ಕೂತಿದ್ದೆಯಲ್ಲ!" ಧ್ವನಿ ಏರಿತು. ಹಸು ಕಾಲು ಸರಿಸಿತು.

ಅವಳು ಪಾತ್ರೆಯನ್ನು ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡಳು. "ಮದ್ವೆ ಆದಾಗ್ಲಿಂದ ನೋಡ್ತಾ ಇವ್ನಿ. ಮಳೆ ಬಂದ್ರೆ ಗೋಡೆ ಬೀಳ್ತದೆ, ಬರ್ದಿದ್ರೆ ಬಾವಿ ಬತ್ತೋಗ್ತದೆ, ಮಗಳು ಅತ್ತೆ ಮನೆಗೋದ್ರೆ ಬಸ್ಸು ಬೀಳ್ತದೆ. ಅವತ್ತು ಮೊದಲ್ನೇ ಸಲ ನಿಮ್ಮ ಬಾಯಲ್ಲಿ ಏನೂ ಆಗಲ್ಲ ಅಂತ ಬಂತು. ಅದನ್ನ ಕೆಡಿಸ್ಬೇಕು ಅನ್ನುಸ್ಲಿಲ್ಲ ಕಣ್ರೀ. ಚೆನ್ನಾಗಿತ್ತು ಕೇಳಕ್ಕೆ."

ಆಮೇಲೆ ಅವಳು, ಪಕ್ಕದ ಗೂಟದ ಗಬ್ಬದ ಹಸು ಈದ ಮೇಲೆ ಆಸ್ಪತ್ರೆಗೆ ಹೋದರಾಯಿತು, ಇನ್ನೇನು ಹದಿನೈದು ದಿನ ಅಂದಳು. ನಾನು ಆಗುವುದಿಲ್ಲ ಅಂದೆ. ಜಗಳವಾಯಿತು. ಅವಳ ಜೊತೆ ಜಗಳದಲ್ಲಿ ನಾನು ಗೆದ್ದದ್ದು ಅದೊಂದೇ ಸಲ, ಗೆದ್ದು ಗೋಡೆ ಕಡೆ ತಿರುಗಿ ಅತ್ತೆ. ಹಸುಗಳನ್ನು ಪಕ್ಕದ ಮನೆಯವಳಿಗೆ, ಅದೇ ಬೇಲಿ ಸರಿಸಿದವಳಿಗೆ, ಒಪ್ಪಿಸಿ ಬೆಳಗ್ಗೆಯೇ ಕೋಲಾರದ ಬಸ್ಸು ಹತ್ತಿದೆವು.

ಡಾಕ್ಟರಮ್ಮ ಅಲ್ಲೇ ಮತ್ತೊಂದು ಎಕ್ಸ್‌ರೇ ತೆಗೆಸಿದರು. ಬೆಳಕಿನ ಪೆಟ್ಟಿಗೆಯ ಮೇಲೆ ಈಗ ಎರಡು ಫಿಲ್ಮು, ನಲವತ್ತು ದಿನದ ಹಿಂದಿನದು ಮತ್ತು ಇವತ್ತಿನದು. ನೋಡಲು ಡಾಕ್ಟರ್ ಓದು ಬೇಕಿರಲಿಲ್ಲ. ಹೆಬ್ಬೆಟ್ಟಿನಷ್ಟಿದ್ದದ್ದು ನಿಂಬೆಹಣ್ಣಿನಷ್ಟಾಗಿತ್ತು. ನಾನು ತೂತು ಬಿದ್ದ ಹಳೆಯ ಫಿಲ್ಮನ್ನು ಲಕೋಟೆಯಿಂದ ತೆಗೆದು ಮೇಜಿನ ಮೇಲಿಟ್ಟು, ಕರವಸ್ತ್ರದಲ್ಲಿ ಗಂಟು ಕಟ್ಟಿ ತಂದಿದ್ದ ಎರಡು ವಾಷರನ್ನು ಅವುಗಳ ತೂತಿನಲ್ಲಿ ಕೂರಿಸಿ ತೋರಿಸಿದೆ. ಸರಿಯಾಗಿ ಕೂತವು. ಕಸುಬಿನವನ ಹೆಮ್ಮೆ ಆ ಗಳಿಗೆಯಲ್ಲೂ ಒಂದು ಕ್ಷಣ ಇಣುಕಿತು, ನನಗೇ ಅಸಹ್ಯವಾಯಿತು. ಏನು ಮಾಡಿದ್ದೆ, ಏನು ಹೇಳಿದ್ದೆ, ಎಲ್ಲ ಹೇಳಿದೆ.

ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ವಾಷರುಗಳನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ, ಕೈ ಹಿಂದಕ್ಕೆ ತೆಗೆದುಕೊಂಡರು.

"ಮೇಡಂ, ಅವತ್ತೇ ಸ್ಕ್ಯಾನ್ ಮಾಡ್ಸಿದ್ರೆ? ಈ ನಲವತ್ತು ದಿನ ಇಲ್ದೇ ಇದ್ದಿದ್ರೆ?" ಎಂದು ಕೇಳಿದೆ. ಹಿಂದಿನ ದಿನದಿಂದ ನಾನು ಬೇರೇನನ್ನೂ ಯೋಚಿಸಿರಲಿಲ್ಲ.

"ಹೇಳೋಕಾಗಲ್ಲ" ಅಂದರು ಅವರು. "ಇದು ಬೇಗ ಬೆಳೆಯೋ ಜಾತಿ ಥರ ಕಾಣ್ತಾ ಇದೆ. ಆಗ್ತಿತ್ತೋ ಇಲ್ವೋ, ನಿಜವಾಗಿ ನನಗೆ ಹೇಳೋಕಾಗಲ್ಲ."

ಪಕ್ಕದ ಕುರ್ಚಿಯಿಂದ ನನ್ನ ಹೆಂಡತಿ ಸೆರಗು ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು.

"ಏನೂ ವ್ಯತ್ಯಾಸ ಆಗ್ತಿರ್ಲಿಲ್ಲ ಅಂತ ಒಂದು ಚೀಟೀಲಿ ಬರ್ಕೊಟ್ಬಿಡಿ ಮೇಡಂ. ನಾನು ಸತ್ಮೇಲೆ ಇವ್ರು ಬದುಕ್ಬೇಕಲ್ಲ."

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು. ಚೀಟಿಯ ಮೇಲೆ ಪೆನ್ನನ್ನು ಇಟ್ಟುಕೊಂಡು ಒಂದು ಗಳಿಗೆ ಹಾಗೇ ಇದ್ದರು. ಆಮೇಲೆ ಅದೇ ಚೀಟಿಯಲ್ಲಿ ಸ್ಕ್ಯಾನಿಗೆ ಮಾತ್ರ ಬರೆದರು.